ಸುಮಿತ್ರಾಳ ಮೀನಿಗೆ ಹುಳ

ಸುಮಿತ್ರಾ, ನಿನ್ನ ಚೊಣಕ ಮೀನಿಗೆ ಕೆಟ್ಟ ಹೆಸರು ತಂದವನು ನಾನು. ನೀನು ಇಷ್ಟು ವರ್ಷ ಹುಡುಕಿದ ಆ ಬಾಯಿ ನನ್ನದೇ — ನಿನ್ನ ಗಂಡನ ಅಣ್ಣನದು.

ನನ್ನ ತಮ್ಮ ಕಡಲಪಾಲಾದ ಮೇಲೆ ನೀನು ಒಂದೇ ಹಟ ಹಿಡಿದಿದ್ದೆ: ಮಗ ದಿನೇಶ ಬೋಟು ಹತ್ತಬಾರದು. ಅದಕ್ಕಾಗಿಯೇ ನಮ್ಮೂರು ಕೇಣಿಯಲ್ಲಿ, ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಹೊಂಡ ತೋಡಿಸಿ ಮೀನು ಸಾಕಿದೆ. ಅವಕ್ಕೆ ತಿನ್ನಿಸಲು ಮಾರಾಟವಾಗದ ಸಣ್ಣ ಮೀನನ್ನು ನಾನೇ ಕೊಡುತ್ತಿದ್ದೆ. ಬಲೆಗೆ ಸಣ್ಣ ಮೀನು ಬೀಳುವುದು ಕಡಿಮೆಯಾದಾಗ ನೀನು ಎಲ್ಲೋ ತರಬೇತಿಗೆ ಹೋಗಿ ಹುಳ ಸಾಕುವುದನ್ನು ಕಲಿತು ಬಂದೆ. ಮನೆನೊಣದ್ದಲ್ಲ, ಕಣಜದ ಹುಳದಂತೆ ಕಾಣುವ ಕಪ್ಪು ನೊಣದ ಮರಿಹುಳ. ತರಕಾರಿ ಸಿಪ್ಪೆ ತಿಂದು ಕೊಬ್ಬಿದ ಅವನ್ನು ಹುರಿದು, ಪುಡಿ ಮಾಡಿ, ಶೇಂಗಾ ಹಿಂಡಿ, ತೌಡು ಸೇರಿಸಿ ಒಣಗಿಸುತ್ತಿದ್ದೆ. ನಾನೇ ಮೂಗಿಗೆ ಹಿಡಿದು ನೋಡಿದ್ದೇನೆ. ಹೇಸುವಂಥದ್ದು ಏನೂ ಇರಲಿಲ್ಲ.

ಉಳಿದ ಹೊಂಡದವರೂ ಆ ತಿನಿಸು ಕೇಳಲು ನಿನ್ನ ಬಳಿ ಬಂದರು. ಸಣ್ಣ ಮೀನು ಕೊಳ್ಳಲು ನನ್ನ ಕಡೆ ಬರುವುದನ್ನು ಬಿಟ್ಟರು. ನನಗೆ ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಏಕೆ ಕೊಡಲಿ?

ಆ ಮಳೆಗಾಲ ಬೋಟುಗಳೆಲ್ಲ ದಡದಲ್ಲಿದ್ದವು. ಅಂಕೋಲೆಯ ಮೀನುಪೇಟೆಯಲ್ಲಿ ಜನ ನಿನ್ನ ಬುಟ್ಟಿಗೆ ಮುತ್ತುತ್ತಿದ್ದರು. ಬುಟ್ಟಿಯ ಬಳಿ ನನ್ನನ್ನು ಕೂರಿಸಿ ನೀನು ಚಹಾ ಕುಡಿಯಲು ಎದ್ದು ಹೋಗಿದ್ದೆ. ಪಕ್ಕದಲ್ಲಿ ಮೀನು ಮಾರುವ ದೇವಕಿ ನಗುತ್ತ ನನ್ನನ್ನು ಕೇಳಿದಳು, "ನಿಮ್ ತಮ್ಮನ ಹೆಂಡ್ತಿ ಮೀನಿಗೆ ಬಾಳಂತಿ ಊಟ ಹಾಕ್ತದ್ಯಾ ಎಂತದು? ಈ ನಮೂನಿ ದಪ್ಪ ಅದ್ಯಲ್ಲ."

"ಅದರ ಮೀನಿಗೆ ಹುಳ—" ಎಂದೆ.

'ಹಾಕ್ತದೆ' ಎಂಬ ಮಾತು ನಾಲಿಗೆಯ ಮೇಲಿತ್ತು. ಆಡಲಿಲ್ಲ. ಕೊಳ್ಳಲು ನಿಂತಿದ್ದ ಹೆಂಗಸೊಬ್ಬಳು ಎತ್ತಿಕೊಂಡ ಮೀನನ್ನು ಕೈಬಿಟ್ಟು ಸೆರಗಿಗೆ ಬೆರಳು ಒರೆಸಿಕೊಂಡಳು. ಅವಳು ತಪ್ಪು ತಿಳಿದಳೆಂದು ನನಗೆ ಗೊತ್ತಾಯಿತು. ಆಗಲೂ — ಆಗಲೂ ಸುಮ್ಮನಿದ್ದೆ. ಮಧ್ಯಾಹ್ನದೊಳಗೆ ಪೇಟೆ ತುಂಬ ಅದೇ ಸುದ್ದಿ: ಸುಮಿತ್ರಾಳ ಮೀನಿಗೆ ಹುಳ ಬಿದ್ದಿದೆಯಂತೆ.

ನೀನು ಮೀನು ಸೀಳಿ ತೋರಿಸಿದೆ. ಹುಳ ಬಿದ್ದದ್ದಲ್ಲ, ತಿನ್ನಲು ಹಾಕುವುದು ಎಂದು ಬಿಡಿಸಿ ಹೇಳಿದೆ. ಹೇಳಿದಷ್ಟೂ ಜನರ ಕಿವಿಗೆ ಹುಳ ಎಂಬುದೊಂದೇ ಕೇಳಿಸಿತು. ಸಂಜೆ ನೀನು ಬಂದದ್ದು — ಯಾರ ಬಳಿಗೆ? ನನ್ನ ಬಳಿಗೇ.

"ಬಾವ, ನೀವೊಂದ್ ಮಾತು ಪೇಟೆಲಿ ಹೇಳಿ. ನಿಮ್ ಮಾತಾರೆ ನಂಬ್ತ್ರು."

"ನೋಡ್ವಾ" ಎಂದೆ. ಹೋಗಲಿಲ್ಲ.

ಮುಂದಿನ ಸಲವೂ ಬುಟ್ಟಿ ತುಂಬಿದಂತೆಯೇ ಮನೆಗೆ ಬಂತು. ಹೊಂಡ ಪಾಳು ಬಿತ್ತು. ದಿನೇಶ ಕಾರವಾರದಲ್ಲಿ ಬೋಟು ಹತ್ತಿದ. ಈಗ ಗಾಳಿ ಎದ್ದಾಗಲೆಲ್ಲ ನೀನು ನನಗೆ ಫೋನು ಮಾಡಿ, ಬೋಟಿನ ಸುದ್ದಿ ಏನಾದರೂ ಬಂತೇ ಎಂದು ಕೇಳುತ್ತೀಯ. ನಾನು ಧೈರ್ಯ ಹೇಳುತ್ತೇನೆ. ನಾನು — ನಿನಗೆ ಧೈರ್ಯ ಹೇಳುತ್ತೇನೆ.

ಈ ಸಲ ದಿನೇಶ ದಡಕ್ಕೆ ಬಂದಾಗ ಮನೆಗೆ ಬಂದು, ಈಗ ಮನಸ್ಸಿನಲ್ಲೇ ಆಡುತ್ತಿರುವ ಇದನ್ನೆಲ್ಲ ಅವನ ಎದುರೇ ನಿನಗೆ ಬಾಯಿಬಿಟ್ಟು ಹೇಳುತ್ತೇನೆ. ಅವನು ಬೈದರೆ ತಡೆಯಬೇಡ. ಅಂದಿನಿಂದ ಅವನು ನನ್ನನ್ನು ದೊಡ್ಡಪ್ಪ ಎಂದು ಕರೆಯುವುದನ್ನು ಬಿಟ್ಟರೆ, ಕರೆ ಎಂದು ನೀನು ಅವನಿಗೆ ಹೇಳಬೇಡ.