ಕಣಿವೆ ಕಡೆಯ ಕಾಲು

ನಮ್ಮ ದೊಡ್ಡಪ್ಪ ಬಡಗಿ. ಬೆಟ್ಟದ ಬದಿಗೆ ಅಂಟಿಕೊಂಡ ನಮ್ಮೂರಿನಲ್ಲಿ ಯಾರೇ ಮೇಜು ಮಾಡಿಸಲು ಬಂದರೂ ಅವನು ಮೊದಲು ಉದ್ದ ಅಗಲ ಕೇಳುತ್ತಿರಲಿಲ್ಲ. "ಎಲ್ಲಿಡ್ತೀರಿ? ಕಣಿವೆ ಯಾವ ಕಡೆ?" ಎನ್ನುತ್ತಿದ್ದ.

ಕೇಳದೆ ಗತಿಯಿಲ್ಲ. ಬಂಡೆಯನ್ನು ಕಡಿದು ಸಮ ಮಾಡುವಷ್ಟು ತಾಳ್ಮೆ ನಮ್ಮ ಮುತ್ತಾತಂದಿರಿಗೆ ಇರಲಿಲ್ಲ. ಇದ್ದ ಹಾಗೆಯೇ ಅದರ ಮೇಲೆ ಮನೆ ಎಬ್ಬಿಸಿಬಿಟ್ಟರು. ಹಾಗಾಗಿ ಊರಿನ ನೆಲವೆಲ್ಲ ಕಣಿವೆಯ ಕಡೆಗೆ ವಾಲು; ಮೇಜು, ಮಂಚ, ಬೆಂಚು ಎಲ್ಲಕ್ಕೂ ಆ ಕಡೆಯ ಕಾಲುಗಳು ಮೂರು ಬೆರಳು ಉದ್ದ. ನಮಗೆ ಎಡ ಬಲ ಅಷ್ಟಾಗಿ ಬೇಕಾಗುವುದಿಲ್ಲ, ಮೇಲೆ ಕೆಳಗೆ ಅಂದರೆ ಸಾಕು. ಚೆಂಡು ಕಳೆದರೆ ಕೆಳಗಿನ ಮನೆಯವರನ್ನು ಕೇಳಬೇಕು. ಅದಕ್ಕೇ ಇರಬೇಕು, ನಮ್ಮಲ್ಲಿ ನೆರೆಹೊರೆಯವರ ಜಗಳ ಹೆಚ್ಚು ದಿನ ಎಳೆಯುವುದಿಲ್ಲ.

ದೊಡ್ಡಪ್ಪನ ಒಬ್ಬಳೇ ಮಗಳು, ನನ್ನ ಅಕ್ಕ, ಬಯಲಿನ ಊರಿಗೆ ಸೊಸೆಯಾಗಿ ಹೋದಳು. ಅವಳ ಅತ್ತೆ ನಿವೃತ್ತ ಗಣಿತದ ಟೀಚರ್. ಆಳು ಕುಳ್ಳಿ, ಮಾತು ಕಡಿಮೆ, ತಪ್ಪು ಹುಡುಕುವ ಕಣ್ಣು ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಅವರ ಮುಂದೆ ನಮ್ಮಕ್ಕ, "ನಮ್ಮಪ್ಪ ಮಾಡಿದ ಊಟದ ಮೇಜು ನೋಡಿ, ಆಮೇಲೆ ಹೇಳಿ" ಎಂದು ಕೊಚ್ಚಿಕೊಂಡಿದ್ದಳು. ಅಳತೆಯನ್ನೂ ಬರೆದು ಕಳಿಸಿದಳು. ದೊಡ್ಡಪ್ಪ ಮೂರು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ.

"ಆ ಮನೇಲಿ ನನ್ನ ಮಗಳ ಮಾತು ಉಳೀಬೇಕು ಕಣೇ," ಎಂದು ನನ್ನ ಮುಂದೆ ನೂರು ಸಲ ಹೇಳಿರಬೇಕು. ಉಜ್ಜಿದ್ದೇ ಉಜ್ಜಿದ್ದು, ಮೇಜಿನಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು.

ಲಾರಿಯಲ್ಲಿ ಅವನ ಜೊತೆ ನಾನೂ ಹೋದೆ. ಮೇಜನ್ನು ಇಳಿಸಿ ಕೋಣೆಯ ನಡುವೆ ಇಟ್ಟೆವು. ಅಕ್ಕ ಹೆಮ್ಮೆಯಿಂದ ನಿಂಬೆಹಣ್ಣಿನ ಚೀಲ ತಂದು ಮೇಜಿನ ಮೇಲಿಟ್ಟ ಬುಟ್ಟಿಗೆ ಸುರಿಯಲು ಹೋದಳು. ಒಂದು ಹಣ್ಣು ಹೊರಗೆ ಬಿತ್ತು, ಯಾವ ಅವಸರವೂ ಇಲ್ಲದೆ ಮೇಜಿನ ಅಗಲವನ್ನು ದಾಟಿ ಬೀಗಿತ್ತಿಯ ಪಾದದ ಹತ್ತಿರ ಬಿತ್ತು. ಅವರು ಅದನ್ನು ಎತ್ತಿ ಮತ್ತೆ ಮೇಜಿನ ಮೇಲಿಟ್ಟರು. ಅದು ಮತ್ತೆ ಬಂತು.

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ಮಾತ್ರ ಬೆಪ್ಪಾಗಿ ನಿಂತಿದ್ದ.

"ಅಯ್ಯೋ, ಇಲ್ಲಿ ಕಣಿವೇನೇ ಇಲ್ಲ!"

ನಲವತ್ತು ವರ್ಷದ ಅಭ್ಯಾಸ, ಕೈ ತನ್ನ ಪಾಡಿಗೆ ತಾನು ಎರಡು ಕಾಲನ್ನು ಅಕ್ಕ ಬರೆದ ಅಳತೆಗಿಂತ ಮೂರು ಬೆರಳು ಗಿಡ್ಡ ಮಾಡಿಟ್ಟಿತ್ತು. ಅಕ್ಕನ ಕಣ್ಣು ತುಂಬಿತ್ತು. ಅದನ್ನು ನೋಡಿದ್ದೇ ನನ್ನ ನಗು ನಿಂತುಹೋಯಿತು.

ದೊಡ್ಡಪ್ಪ ಗರಗಸ ತೆಗೆದು ಉದ್ದದ ಕಾಲುಗಳನ್ನೂ ಕುಯ್ದ. ಮೇಜು ಸಮವಾಯಿತು, ಆದರೆ ಮೂರು ಬೆರಳು ತಗ್ಗಿತು. ಅಳಿಯ ಕುರ್ಚಿ ಎಳೆದು ಕೂತರೆ ಮಂಡಿ ಹಲಗೆಗೆ ಬಡಿಯಿತು.

"ಹಾಗಾದ್ರೆ ಕುರ್ಚೀನೂ ಕುಯ್ಯೋದೇ," ಎಂದ ದೊಡ್ಡಪ್ಪ. ಆ ಮನೆಯಲ್ಲಿ ಮೊದಲಿನಿಂದ ಇದ್ದ ಆರು ಅಂಗಡಿ ಕುರ್ಚಿಗಳ ಇಪ್ಪತ್ತನಾಲ್ಕು ಕಾಲನ್ನೂ ಕುಯ್ದು, ಬೆವರು ಒರೆಸಿಕೊಂಡು, ಪರೀಕ್ಷೆ ಬರೆದು ಮುಗಿಸಿದವನ ಹಾಗೆ ಪಕ್ಕಕ್ಕೆ ನಿಂತ.

ಬೀಗಿತ್ತಿ ಬಂದು ಕೂತರು. ಮೇಜನ್ನು ಮುಟ್ಟಲಿಲ್ಲ, ಹೊಗಳಲೂ ಇಲ್ಲ. ಬಗ್ಗಿ ಕೆಳಗೆ ನೋಡಿದರು. ಇನ್ನೇನು ತಪ್ಪು ಸಿಕ್ಕಿತೋ ಎಂದು ಅಕ್ಕ ನನ್ನ ಕೈ ಹಿಡಿದುಕೊಂಡಳು.

ಅವರು ಚಪ್ಪಲಿ ಕಳಚಿ, ಎರಡೂ ಪಾದವನ್ನು ನೆಲಕ್ಕೆ ಊರಿ, ಒಮ್ಮೆ ಹಿಂದೆ ಮುಂದೆ ಉಜ್ಜಿದರು.

"ಈ ಮನೆಗೆ ಬಂದು ಮೂವತ್ತೆಂಟು ವರ್ಷ ಆಯ್ತು," ಎಂದರು. "ಊಟಕ್ಕೆ ಕೂತಾಗ ನನ್ನ ಕಾಲು ನೆಲಕ್ಕೆ ತಾಗಿದ್ದು ಇವತ್ತೇ."

ಅಳಿಯನ ಬಾಯಿ ತೆರೆದೇ ಇತ್ತು. ಅಮ್ಮನ ಕಾಲು ತೂಗಾಡುತ್ತಿದ್ದುದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದರೂ ನೋಡಿರಲಿಲ್ಲ. ಸಮ ನೆಲದವರಿಗೆ ಎಲ್ಲರ ಕಾಲೂ ತಾಗಿಯೇ ಇರುತ್ತದೆ ಎಂಬ ನಂಬಿಕೆ.

ಬೀಗಿತ್ತಿ ಸೊಸೆಯ ಕಡೆ ತಿರುಗಿದರು. "ನೀನು ಹೇಳಿದ್ದು ಕಡಿಮೆನೇ ಆಯ್ತು ಕಣಮ್ಮ." ಆಮೇಲೆ ದನಿ ತಗ್ಗಿಸಿ, "ಬೀಗರೇ, ಹೇಗೂ ಗರಗಸ ಹೊರಗಿದೆ. ನನ್ನ ಮಂಚಾನೂ ಒಂದ್ಸಲ ನೋಡ್ತೀರಾ?"