ಎಂ.ಪಿ. ಎದುರು ಕೂತ ಕೆಂಪಮ್ಮ

ಎಂ.ಪಿ. ಒಬ್ಬರ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತವರನ್ನು ನೀವು ನೋಡಿದ್ದೀರಾ? ಕಳೆದ ಶನಿವಾರ ಹಾಸನದ ಪ್ರವಾಸಿ ಮಂದಿರದಲ್ಲಿ ನಾನು ನೋಡಿದೆ. ಒಬ್ಬರಲ್ಲ, ಹನ್ನೊಂದು ಜನ ಹೆಂಗಸರು.

ಎಂ.ಪಿ. ಅಂದರೆ ನಮ್ಮ ರಂಗಪ್ಪನವರು. ಮೊದಲ ಮಹಾಚುನಾವಣೆಯ ಹೊತ್ತಿನಲ್ಲಿ ಹೊಳೆನರಸೀಪುರದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವರು. ಆ ಕೆಲಸ ಹೋದ ಮೇಲೆ ಹಾಸನದ ಕಾಫಿ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿದರು. ಆಗ ನಾನು ಅಲ್ಲಿ ಗುಮಾಸ್ತ. ಕಾಫಿ ಬೀಜ ಆರಿಸುವ ಹೆಂಗಸರಿಗೆ ಅವರು ಮೊದಲು ಕಲಿಸಿದ್ದು ಘೋಷಣೆಯನ್ನಲ್ಲ. ಮ್ಯಾನೇಜರ್ ಮುಂದೆ ಹೋದರೆ ಮೊದಲು ಕೂತುಬಿಡಿ ಅಂದರು. ಕುರ್ಚಿ ಇಲ್ಲವೇ? ನೆಲ ಇದೆಯಲ್ಲ!

ಕೂತರು. ಮ್ಯಾನೇಜರ್ ಕೆಂಡಾಮಂಡಲವಾದರು. ಆದರೆ ಕೂತ ಹೆಂಗಸರನ್ನು ಎಬ್ಬಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಮೂರನೇ ದಿನ "ಬೆಂಚು ತರಿಸಯ್ಯಾ" ಎಂದು ನನಗೆ ಹೇಳಿದರು. (ತರಿಸಿದೆ. ನಾನು ಮಾತ್ರ ನಿಂತೇ ಇದ್ದೆ.)

ಈಗ ರಂಗಪ್ಪನವರಿಗೆ ದಿಲ್ಲಿಯಲ್ಲಿ ಮನೆ, ಬೆನ್ನ ಹಿಂದೆ ಒಬ್ಬ ಪಿ.ಎ. ಶನಿವಾರ ನಾನು ಹೋಗಿದ್ದು ತಮ್ಮನ ಟ್ರಾನ್ಸ್‌ಫರ್‌ಗೆ ಶಿಫಾರಸು ಕೇಳಲು. ಕೈಯಲ್ಲಿ ನಿಂಬೆಹಣ್ಣು, ಮುಖದಲ್ಲಿ ನಗು. ಅರಕಲಗೂಡು, ಚನ್ನರಾಯಪಟ್ಟಣದಿಂದ ಬಂದಿದ್ದ ದೊಡ್ಡವರೂ ಹಾಗೇ ನಿಂತಿದ್ದರು.

ಆಗ ಬಂದವಳು ದುದ್ದ ಊರಿನ ಕೆಂಪಮ್ಮ, ಅಂದು ಮ್ಯಾನೇಜರ್ ಮುಂದೆ ಕೂತವರಲ್ಲಿ ಒಬ್ಬಳು; ಜೊತೆಗೆ ಹತ್ತು ಜನ. ಯೂನಿಯನ್ ಸಭೆಗೆ ಹೋದರೆಂಬ ಕಾರಣಕ್ಕೆ ಅಷ್ಟೂ ಜನರನ್ನು ಅದೇ ಕಾರ್ಖಾನೆ ಕೆಲಸದಿಂದ ತೆಗೆದಿತ್ತು. "ನಿಂತ್ಕೊಂಡೇ ಬೇಗ ಹೇಳ್ರಮ್ಮ, ಸಾಹೇಬರಿಗೆ ಟೈಮಿಲ್ಲ" ಎಂದು ಪಿ.ಎ. ಹೇಳಿದ. ಕೆಂಪಮ್ಮ ಸೆರಗು ಸರಿಮಾಡಿಕೊಂಡು ಕೂತೇಬಿಟ್ಟಳು. ಮಿಕ್ಕವರೂ ಕೂತರು.

ರಂಗಪ್ಪನವರು ಮುಖ ಸಿಂಡರಿಸಿದರು. "ಏಳು ಕೆಂಪಮ್ಮ. ನಾನೇನು ಮ್ಯಾನೇಜರ್ರಾ?"

"ನೀವೇ ಯೋಳ್ಕೊಟ್ಟಿದ್ದಲ್ವಾ ಸಾ? ನಿಂತ್ಕಂಡ್ ಕೇಳುದ್ರೆ ಬ್ಯಾಗ ಅಟ್ಬುಡ್ತಾರೆ, ಕುಂತ್ಕಳಿ ಅಂತ."

(ಆಗೆಲ್ಲ 'ರಂಗಣ್ಣ' ಅನ್ನುತ್ತಿದ್ದಳು.)

"ಆಯ್ತು, ದಿಲ್ಲಿಗೆ ಹೋದ ಮೇಲೆ ಮಾತಾಡ್ತೀನಿ."

"ಡೆಲ್ಲಿ ಯಾಕ್ಸಾ? ಕಾರ್ಖಾನೆ ಇಲ್ಲೇ ಐತಲ್ಲ. ಪೋನೂ ನಿಮ್ ಪಕ್ದಲ್ಲೇ ಐತೆ."

ಯಾರೂ ನಗಲಿಲ್ಲ. ಕಾರ್ಖಾನೆಯ ಮಾಲೀಕರು ಕಳೆದ ಚುನಾವಣೆಗೆ ಇವರಿಗೆ ಕಾರು ಕೊಟ್ಟಿದ್ದು ಊರಿಗೇ ಗೊತ್ತು. ರಂಗಪ್ಪನವರು ಫೋನನ್ನೇ ನೋಡುತ್ತಾ ಕೂತರು. ಹೆಂಗಸರು ಅವರನ್ನೇ ನೋಡುತ್ತಾ ಕೂತರು. ಕೊನೆಗೆ ರಂಗಪ್ಪನವರು ಪಿ.ಎ. ಕಡೆ ತಿರುಗಿ "ಬೆಂಚು ತರಿಸಯ್ಯಾ" ಅಂದರು.

ಮ್ಯಾನೇಜರ್‌ಗೆ ಮೂರು ದಿನ ಹಿಡಿದಿತ್ತು. ಇವರಿಗೆ ಕಾಲು ಗಂಟೆ. ಪ್ರಗತಿ ಅಲ್ಲವೇ?

ಬೆಂಚು ಬರುವಷ್ಟರಲ್ಲಿ ಫೋನನ್ನೂ ಎತ್ತಿಕೊಂಡಿದ್ದರು. ಮೊದಲು ಮಾಲೀಕರ ಕ್ಷೇಮಸಮಾಚಾರ ಕೇಳಿದರು. ಆಮೇಲೆ ದನಿ ಏರಿತು, ಆ ಹಳೆಯ ಯೂನಿಯನ್ ದನಿ. ಕೇಳಿ ನನಗಂತೂ ಖುಷಿಯಾಯಿತು. ಹನ್ನೊಂದು ಜನವೂ ಸೋಮವಾರ ಕೆಲಸಕ್ಕೆ ಬರಬಹುದು ಅಂತಾಯಿತು.

ಹೆಂಗಸರು ಎದ್ದು ಬೆಂಚುಗಳ ಮೇಲೆ ಕೂತರು. ಒಂದರ ತುದಿಯಲ್ಲಿ ಒಬ್ಬರಿಗೆ ಜಾಗ ಮಿಕ್ಕಿತ್ತು. ಕೆಂಪಮ್ಮ ನನ್ನನ್ನೂ ನನ್ನ ನಿಂಬೆಹಣ್ಣನ್ನೂ ನೋಡಿದಳು.

"ಬನ್ನಿ ಗುಮಾಸ್ತ್ರೇ, ಇಲ್ಲಿ ಜಾಗ ಐತೆ. ನೀವ್ಯಾಕೆ ಇನ್ನೂವೆ ನಿಂತೇ ಇದ್ದೀರಿ?"