ಸಂಪಂಗಿರಾಮಯ್ಯನವರ ಹುಣಸೆಬೀಜ

ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ವಾರ ನಮ್ಮ ಹೆಡ್ ಅಕೌಂಟೆಂಟ್ ಸಂಪಂಗಿರಾಮಯ್ಯನವರು ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕಾಲ ಬಳಿ ಮೂರು ಖಾಲಿ ಡಬ್ಬ, ಕೋಟಿನ ಜೇಬಿನ ತುಂಬ ಹುಣಸೆಬೀಜ. ಒಳಗೆ ಕಾಲಿಟ್ಟ ಪ್ರತಿಯೊಬ್ಬರನ್ನೂ ಅವರವರ ಭಾಷೆಯಲ್ಲೇ, ಕನ್ನಡ, ತಮಿಳು, ಉರ್ದು, ಇಂಗ್ಲಿಷು ಯಾವುದಾದರೂ ಸರಿ, ಈ ಅಂಗಡಿಗೇ ಯಾಕೆ ಬಂದಿರಿ ಎಂದು ಕೇಳುತ್ತಿದ್ದರು. ಉತ್ತರ ಕೇಳಿ ಯಾವುದಾದರೊಂದು ಡಬ್ಬಕ್ಕೆ ಒಂದು ಬೀಜ ಹಾಕುತ್ತಿದ್ದರು. ಲೆಕ್ಕ ಬರೆದೂ ಬರೆದೂ ತಲೆ ಕೆಟ್ಟರೆ ಮನುಷ್ಯ ಹೀಗಾಗುತ್ತಾನೇನೋ ಎಂದು, ಆಗ ತಾನೇ ಅದೇ ಕೆಲಸಕ್ಕೆ ಸೇರಿದ್ದ ನನಗೆ ನಿಜವಾಗಿಯೂ ಭಯವಾಗಿತ್ತು.

ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಕಾಂ. ಮುಗಿಸಿ, ತಿಪ್ಪಸಂದ್ರದಿಂದ ಬಸ್ಸು ಹಿಡಿದು ಕಮರ್ಷಿಯಲ್ ಸ್ಟ್ರೀಟಿನ ಆ ಅಂಗಡಿಗೆ ಅಕೌಂಟ್ಸ್ ಕ್ಲಾರ್ಕ್ ಆಗಿ ಬರುತ್ತಿದ್ದೆ. ಬಾಗಿಲ ಮೇಲೆ ‘ಹ್ಯಾಲಿಡೇ ಅಂಡ್ ಡಾಸನ್’ ಎಂಬ ಹಿತ್ತಾಳೆಯ ಅಕ್ಷರಗಳಿದ್ದವು. ಒಳಗೆ ಹ್ಯಾಲಿಡೇನೂ ಇರಲಿಲ್ಲ, ಡಾಸನ್ನೂ ಇರಲಿಲ್ಲ. ಗಲ್ಲಾದ ಹಿಂದೆ ಚಂಗಲರಾಯ ಶೆಟ್ಟರಿದ್ದರು. ಹಲಸೂರಿನಲ್ಲೂ ಕೆ.ಆರ್. ಪುರದಲ್ಲೂ ಜವಳಿ ಅಂಗಡಿಗಳಿದ್ದ ಅವರ ಕಂಪನಿ, ಹಿಂದೆ ದೊರೆಗಳಿಗೆ ಕೋಟು ಹೊಲಿಯುತ್ತಿದ್ದ ಈ ಅಂಗಡಿಯನ್ನು ಹತ್ತು ವರ್ಷದ ಕೆಳಗೆ ಕೊಂಡಿತ್ತು. ಬಟ್ಟೆಗೆ, ಬೀರುಗಳಿಗೆ, ಹೊಲಿಗೆ ಯಂತ್ರಗಳಿಗೆ, ಬಿರುಕು ಬಿಟ್ಟ ನಿಲುಗನ್ನಡಿಗೆ ಕೂಡ ಬೆಲೆ ಕಟ್ಟಿದ ಮೇಲೆ, ಬರೀ ಹೆಸರಿಗೆಂದು ಶೆಟ್ಟರು ಇನ್ನೊಂದು ಲಕ್ಷ ಕೊಟ್ಟಿದ್ದರು. ಆ ಲಕ್ಷವೇ ನಮ್ಮ ಪುಸ್ತಕದಲ್ಲಿ ‘ಗುಡ್‌ವಿಲ್’ ಎಂದು ಹೆಸರಿಟ್ಟುಕೊಂಡು, ಆಸ್ತಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತ್ತು. ಬೀರು ವರ್ಷವರ್ಷವೂ ಸವೆಯುತ್ತಿತ್ತು, ಯಂತ್ರ ಸವೆಯುತ್ತಿತ್ತು, ನಾವೂ ಸವೆಯುತ್ತಿದ್ದೆವು. ಗುಡ್‌ವಿಲ್ ಮಾತ್ರ ಚಿರಂಜೀವಿ.

ಸಂಪಂಗಿರಾಮಯ್ಯನವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹಲಸೂರಿನಿಂದ ನಡೆದೇ ಬರುತ್ತಿದ್ದ ಕಡ್ಡಿಯಂಥ ಮನುಷ್ಯ. ಪೆನ್ಸಿಲು ಬೆರಳಿಗೆ ಸಿಗದಷ್ಟು ಗಿಡ್ಡವಾದ ಮೇಲೂ ಅದನ್ನು ಹಳೆಯ ಪೆನ್ನಿನ ಮುಚ್ಚಳಕ್ಕೆ ಸಿಕ್ಕಿಸಿ ಇನ್ನೊಂದು ತಿಂಗಳು ಬರೆಯುವವರು. ಅಂಥವರ ಕೈಯಲ್ಲಿ, ದೊರೆಗಳೆಲ್ಲ ಹಡಗು ಹತ್ತಿ ಎಷ್ಟೋ ವರ್ಷವಾದ ಮೇಲೂ ಅವರ ಹೆಸರಿಗೆ ಒಂದು ಲಕ್ಷ ಎಂದು ಬರೆಸುವುದು ಹಿಂಸೆಯೇ. “ಹೋದೋರಿಗೆ ವರ್ಷಕ್ಕೊಂದ್ಸಲ ಎಡೆ ಇಟ್ರೆ ಸಾಕಮ್ಮ, ನಮ್ಮ ಶೆಟ್ಟರು ದಿನಾ ಇಡ್ತಿದಾರೆ” ಎನ್ನುತ್ತಿದ್ದರು. ಕಡಿಮೆ ಮಾಡಿ ಎಂದು ಕಾನೂನು ಬಲವಂತ ಮಾಡುತ್ತಿರಲಿಲ್ಲ. ಹೆಸರಿನ ಬೆಲೆ ಇಳಿದಿದೆ ಎನ್ನುವುದಕ್ಕೆ ಪುರಾವೆ ಏನು ಎಂದು ಆಡಿಟರು ಕೇಳಿದ್ದರಂತೆ. ಪುರಾವೆಗಾಗಿ ಹುಟ್ಟಿಕೊಂಡದ್ದೇ ಹುಣಸೆಬೀಜ.

ಬೋರ್ಡಿನ ಹೆಸರು ನಂಬಿ ಬಂದವರಿಗೆ ಮೊದಲನೆಯ ಡಬ್ಬ. ಬಿಸಿಲಿಗೆ, ಬಸ್ಸು ತಪ್ಪಿದ್ದಕ್ಕೆ, ಪಕ್ಕದ ಅಂಗಡಿ ಮುಚ್ಚಿದ್ದಕ್ಕೆ ಬಂದವರಿಗೆ ಎರಡನೆಯದು. ಮಿಕ್ಕವರಿಗೆಲ್ಲ ಮೂರನೆಯದು. ಶೆಟ್ಟರು ಇದನ್ನು ಬೇರೆಯೇ ಥರ ಅರ್ಥ ಮಾಡಿಕೊಂಡಿದ್ದರು. ಬಾಗಿಲಲ್ಲಿ ಹಿರಿಯರೊಬ್ಬರು ಕೂತು ವಿಚಾರಿಸಿಕೊಂಡರೆ ಅಂಗಡಿಗೇ ಒಂದು ಕಳೆ ಎಂದು ಮೆಚ್ಚಿ, ಬಂದವರಿಗೆ ಚಿಮುಕಿಸಲು ಅವರ ಕೈಗೆ ಒಂದು ಪನ್ನೀರುದಾನಿ ಕೊಟ್ಟರು. ಸಂಪಂಗಿರಾಮಯ್ಯನವರು ಅದನ್ನು ಮರುಮಾತಿಲ್ಲದೆ ತೆಗೆದುಕೊಂಡು, ಆಸ್ತಿಗಳ ಪಟ್ಟಿಗೆ ಸೇರಿಸಿ, ವರ್ಷಕ್ಕಿಷ್ಟು ಎಂದು ಅದಕ್ಕೂ ಸವಕಳಿ ಹಾಕಿದರು. ಪನ್ನೀರನ್ನು ಮಾತ್ರ ಯಾರಿಗೂ ಚಿಮುಕಿಸಲಿಲ್ಲ.

ನಾನು ಸೇರಿದ ವರ್ಷದ ಮಾರ್ಚಿನಲ್ಲಿ, ಇಡೀ ವಾರಕ್ಕೆ, ಹೆಸರಿನ ಡಬ್ಬಕ್ಕೆ ಬಿದ್ದದ್ದು ಐದು ಬೀಜ. ಅವುಗಳಲ್ಲಿ ಒಂದು, ಸ್ವಾತಂತ್ರ್ಯ ಬರುವ ಮೊದಲು ತನ್ನ ಗಂಡ ಹೊಲಿಯಲು ಕೊಟ್ಟಿದ್ದ ಕೋಟು ಸಿದ್ಧವಾಗಿದೆಯೇ ಎಂದು ಕೇಳಲು ಬಂದ ಆಂಗ್ಲೋ ಇಂಡಿಯನ್ ಮುದುಕಿಯದು. ಇದನ್ನು ಸೇರಿಸಬೇಕೇ ಎಂದು ನಾನು ಕೇಳಿದ್ದಕ್ಕೆ, ಆಕೆ ಹೆಸರು ನಂಬಿಯೇ ಬಂದಿದ್ದಾರೆ, ನ್ಯಾಯ ನ್ಯಾಯವೇ ಎಂದರು. ಮೂರನೆಯ ಡಬ್ಬ ಮಾತ್ರ ಬುಧವಾರಕ್ಕೇ ತುಂಬಿತ್ತು. ಅಲ್ಲಿಗೆ ಬಿದ್ದವರೆಲ್ಲ ಕೇಳಿದ್ದು ಒಂದೇ ಮಾತು: ದಸ್ತಗೀರ್ ಇದ್ದಾರಾ?

ದಸ್ತಗೀರ್ ಸಾಬರು ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಕಟರ್. ದೊರೆಗಳ ಕಾಲದಿಂದ ಅಲ್ಲೇ ಇದ್ದವರು. ಗಿರಾಕಿಯನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ನೋಡಿದರೆ ಅಳತೆ ಮುಗಿಯಿತು. ಕೊರಳಿನ ಟೇಪು ಬರೀ ಶೋಭೆಗೆ. ಮಿಲಿಟರಿಯವರು, ವಿಮಾನ ಕಾರ್ಖಾನೆಯ ಆಫೀಸರುಗಳು, ಮದುಮಕ್ಕಳು ಎಲ್ಲರೂ ಬರುತ್ತಿದ್ದದ್ದು ಆ ಕತ್ತರಿಗಾಗಿ.

ಅಷ್ಟೂ ವರ್ಷದ ಎಣಿಕೆ ಸೇರಿಸಿ ಸಂಪಂಗಿರಾಮಯ್ಯನವರು ಆ ವರ್ಷ ನಾಲ್ಕು ಪುಟದ ವರದಿ ಬರೆದರು. ಹೆಸರಿನ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಬೇಕು. ಅಂಗಡಿ ನಿಂತಿರುವುದು ದಸ್ತಗೀರರಿಂದ, ಅವರ ಸಂಬಳ ಹೆಚ್ಚಿಸಿ ಉಳಿಸಿಕೊಳ್ಳಬೇಕು. ನಾನೇ ಎರಡು ಕಾರ್ಬನ್ ಇಟ್ಟು ಟೈಪು ಮಾಡಿದೆ. ಮಹತ್ಕಾರ್ಯ ಮಾಡಿದೆನೆಂದು ಆ ದಿನ ಬಸ್ಸಿನಲ್ಲಿ ಬೀಗುತ್ತ ಮನೆಗೆ ಹೋದೆ.

ಮಾರನೆಯ ದಿನ ಶೆಟ್ಟರು ಇಬ್ಬರನ್ನೂ ಕರೆಸಿದರು. ವರದಿಯನ್ನು ಅವರು ಅಕ್ಷರ ಬಿಡದೆ ಓದಿದ್ದರು. ಅದೇ ನಮ್ಮ ಗ್ರಹಚಾರ.

“ಸಂಪಂಗಿರಾಮಯ್ಯನೋರೆ, ಲಕ್ಷ ಕೊಟ್ಟು ಹೆಸರು ತಗೊಂಡೋನು ನಾನು. ಜನ ಸಂಬಳದವನ ಹೆಸರು ಕೇಳ್ಕೊಂಡು ಬರ್ತಾರೆ ಅಂದ್ರೆ, ನಮ್ಮ ಹೆಸರಿಗೆ ಅಡ್ಡ ನಿಂತಿರೋನು ಅವನೇ ಅಲ್ವೇನ್ರೀ?” ಎಂದರು.

ದಸ್ತಗೀರ್ ಇಲ್ಲದಿದ್ದರೆ ಜನ ಇನ್ಯಾರನ್ನು ಕೇಳಿಕೊಂಡು ಬರುತ್ತಾರೆ, ಹ್ಯಾಲಿಡೇಯನ್ನೇ ತಾನೇ. ಇಷ್ಟು ಸರಳವಾದ ಉಪಾಯ ಎರಡು ಡಿಗ್ರಿ ಸೇರಿಸಿದರೂ ನಮಗೆ ಹೊಳೆದಿರಲಿಲ್ಲ. ತಿಂಗಳು ಮುಗಿಯುತ್ತಲೇ ದಸ್ತಗೀರ್ ಸಾಬರಿಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆಸ್ತಿಯನ್ನು ಉಳಿಸಲು ಆಸ್ತಿಯನ್ನೇ ಹೊರಗೆ ಹಾಕಿದ ಕಂಪನಿಯನ್ನು ನಾನು ಇನ್ನೊಂದು ಕಂಡಿಲ್ಲ.

ಆ ಸಂಜೆ ಸಂಪಂಗಿರಾಮಯ್ಯನವರು ಮೂರನೆಯ ಡಬ್ಬವನ್ನು ಮುಂದಿಟ್ಟುಕೊಂಡು ಕೂತಿದ್ದರು. “ನಾನು ಎಣಿಸ್ದೇ ಇದ್ದಿದ್ರೆ ಅವರು ಇಲ್ಲೇ ಇರ್ತಿದ್ರಮ್ಮ” ಎಂದರು. ಇಷ್ಟು ವರ್ಷ ಈ ಕಥೆಯನ್ನು ನಗುತ್ತ ಹೇಳುತ್ತ ಬಂದಿದ್ದೇನೆ. ಈ ಮಾತಿನ ಹತ್ತಿರ ಮಾತ್ರ ನನಗೆ ನಗು ಬರುವುದಿಲ್ಲ.

ದಸ್ತಗೀರರನ್ನು ವಾಪಸು ಕರೆಸಿ ಎಂದು ಶೆಟ್ಟರ ಬಳಿ ಅವರು ಮೂರು ಸಲ ಹೋಗಿ ಬೇಡಿಕೊಂಡರು. ಮೂರನೆಯ ಸಲ ಕೂರಿ ಎನ್ನುವವರೂ ಇಲ್ಲದೆ ಮಧ್ಯಾಹ್ನವೆಲ್ಲ ನಿಂತಿದ್ದರು. ಕೊನೆಗೆ, ಗುಡ್‌ವಿಲ್ ಒಂದು ರೂಪಾಯಿಯಾಗದೆ ಲೆಕ್ಕಕ್ಕೆ ರುಜು ಹಾಕುವುದಿಲ್ಲ ಎಂದರು. ಶೆಟ್ಟರು ರುಜು ಹಾಕುವ ಬೇರೊಬ್ಬರನ್ನು ಮೂರೇ ದಿನದಲ್ಲಿ ಹುಡುಕಿದರು. ಸಂಪಂಗಿರಾಮಯ್ಯನವರು ಗಿಡ್ಡ ಪೆನ್ಸಿಲುಗಳನ್ನು ಜೇಬಿಗೆ ಹಾಕಿಕೊಂಡು, ಸವಕಳಿ ಕಳೆದು ಉಳಿದ ಬೆಲೆಯನ್ನು ಚೀಟಿಯಲ್ಲಿ ಬರೆದು ಪನ್ನೀರುದಾನಿ ಒಪ್ಪಿಸಿ ಹೋದರು.

ಆಮೇಲೆ ಗಿರಾಕಿಗಳು ಬರುತ್ತಿದ್ದರು, ದಸ್ತಗೀರ್ ಇಲ್ಲ ಎಂದರೆ ಬಾಗಿಲಿಂದಲೇ ತಿರುಗುತ್ತಿದ್ದರು. ಆ ವರ್ಷ ಹಿಂದಿನ ಕೋಣೆಯ ಯಂತ್ರಗಳಿಗೆ ಗೋಣಿಚೀಲ ಹೊದಿಸಿದೆವು. ನುಣುಪು ಕಾಗದದಲ್ಲಿ ಅಚ್ಚಾದ ವಾರ್ಷಿಕ ಲೆಕ್ಕದಲ್ಲಿ ಗುಡ್‌ವಿಲ್ ಅದೇ ಒಂದು ಲಕ್ಷ, ಆರೋಗ್ಯವಾಗಿತ್ತು.

ಎರಡು ವರ್ಷದ ಮೇಲೆ ನನ್ನ ಅಣ್ಣನ ಮದುವೆ ಗೊತ್ತಾಯಿತು. ಕೋಟು ಹೊಲಿಸಲು ವಿಚಾರಿಸಿಕೊಂಡು ಶಿವಾಜಿನಗರದ ಒಂದು ಓಣಿಗೆ ಹೋದೆವು. ಎರಡು ಯಂತ್ರದ ಅಂಗಡಿ, ಬೋರ್ಡೇ ಇಲ್ಲ. ಒಳಗೆ ದಸ್ತಗೀರ್ ಸಾಬರು. ಬಾಗಿಲಲ್ಲಿ ಸ್ಟೂಲಿನ ಮೇಲೆ ಸಂಪಂಗಿರಾಮಯ್ಯನವರು, ಕಾಲ ಬಳಿ ಒಂದೇ ಡಬ್ಬ. ಕ್ಷಮೆ ಕೇಳಲು ಬಂದಿದ್ದರಂತೆ. ಸಾಬರು ಚಹಾ ಕೊಟ್ಟು, ಕೇಳುವುದೆಲ್ಲ ಆಮೇಲೆ, ಮೊದಲು ನನ್ನ ಲೆಕ್ಕ ಬರೆಯಿರಿ ಎಂದರಂತೆ.

ಈ ಅಂಗಡಿಯ ಗುಡ್‌ವಿಲ್ ಎಷ್ಟಕ್ಕೆ ಬರೆದಿದ್ದೀರಿ ಎಂದು ನಾನು ಕೆಣಕಿದೆ.

“ಬರೆಯೋ ಹಾಗಿಲ್ಲಮ್ಮ. ದುಡ್ಡು ಕೊಟ್ಟು ತಗೊಂಡಿದ್ರೆ ಮಾತ್ರ ಪುಸ್ತಕಕ್ಕೆ. ದುಡಿದು ತಾನಾಗಿ ಬೆಳೆದಿದ್ದಕ್ಕೆ ಅಲ್ಲಿ ಜಾಗ ಇಲ್ಲ” ಎಂದರು. ಹೇಳುತ್ತ ನಮ್ಮಿಬ್ಬರ ಲೆಕ್ಕದಲ್ಲಿ ಎರಡು ಬೀಜ ಹಾಕಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಮರುವರ್ಷ ಅಪ್ಪನ ಕೋಟಿಗೆಂದು ಹೋದಾಗ ಸ್ಟೂಲು ಖಾಲಿಯಿತ್ತು. ಸಂಪಂಗಿರಾಮಯ್ಯನವರು ಇನ್ನೂ ಬಂದಿಲ್ಲವೇ ಎಂದು ಕೇಳಿದೆ. ದಸ್ತಗೀರ್ ಸಾಬರು ಯಂತ್ರದ ಡ್ರಾಯರಿನಿಂದ ಒಂದು ಹುಣಸೆಬೀಜ ತೆಗೆದು ತಮ್ಮ ಕಾಲ ಬಳಿಯ ಡಬ್ಬಕ್ಕೆ ಹಾಕಿದರು.

“ರಂಜಾನಿಗೆ ಮುಂಚೆ ಹೋಗ್ಬಿಟ್ರು ಬೇಟಿ. ಎದೆನೋವು ಬಂತಂತೆ” ಎಂದರು. “ಬಂದೋರು ಒಳಗೆ ಬರೋಕೆ ಮುಂಚೆ ಅವರನ್ನೇ ಕೇಳ್ತಾರೆ. ಕೇಳ್ದೋರಿಗೆ ಒಂದೊಂದು ಹಾಕ್ತಾ ಇದೀನಿ.”

ನಾನು ಬಗ್ಗಿ ಡಬ್ಬ ನೋಡಿದೆ. ಅರ್ಧಕ್ಕೆ ಬಂದಿತ್ತು.

“ಇದು ಎರಡನೇದು” ಎಂದರು.